ಹೊಸ ಚೈನ್ ತುಂಡಾದರೆ ಆ ತುಂಡನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ

ಸೈಕಲ್ಲಿಗೆ ಹೊಸ ಚೈನ್ ಹಾಕಿಸಿ 12 ದಿನ ಆಗಿತ್ತು. ಓಡಿಸಿದ್ದು ಹೆಚ್ಚೆಂದರೆ 90 ಕಿಲೋಮೀಟರ್. ಒಂದು ಸಣ್ಣ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದೆ, ಪಟ್ ಅಂತ ಸದ್ದಾಯಿತು. ಕಾಲ ಕೆಳಗಿದ್ದ ಪೆಡಲ್ ಭಾರವೇ ಇಲ್ಲದ ಹಾಗೆ ಸರ್ರನೆ ಕೆಳಗಿಳಿಯಿತು. ಮಂಡಿ ಹೋಗಿ ಹ್ಯಾಂಡಲ್‌ಗೆ ಬಡಿಯಿತು, ನಾನು ಫ್ರೇಮಿನ ಅಡ್ಡಪೈಪಿನ ಮೇಲೆ ಕುಕ್ಕರಿಸಿದೆ. ಆ ನೋವಿನ ವಿವರ ಬೇಡ. ಹಿಂದಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಬಚಾವು. ತಿರುಗಿ ನೋಡಿದರೆ ನಾಲ್ಕು ಮಾರು ಹಿಂದೆ ಚೈನ್ ರಸ್ತೆ ಮೇಲೆ ಬಿದ್ದಿತ್ತು.

ಹಳೇ ಚೈನ್ ಆಗಿದ್ದರೆ ನನ್ನನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಇದು ಹೊಸದು. ಕೊಂಡದ್ದೂ ಹಾಕಿಸಿದ್ದೂ ಒಂದೇ ಅಂಗಡಿಯಲ್ಲಿ. ಬಿಲ್ಲೂ ಇತ್ತು. ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋಗುವಾಗ ನನಗೆ ಚಿಂತೆಯೇ ಇರಲಿಲ್ಲ. ಬದಲಿಸಿ ಕೊಡುತ್ತಾರೆ, ಇನ್ನೇನು ಅಂದುಕೊಂಡಿದ್ದೆ.

ಅಂಗಡಿಯವರು ಚೈನನ್ನು ಕೈಗೆ ತೆಗೆದುಕೊಂಡು ಒಂದು ಸಲ ಆಡಿಸಿ ನೋಡಿ, "ನಿಂತ್ಕೊಂಡು ತುಳಿದ್ರಾ ಸಾರ್?" ಅಂದರು. ಹೌದು ಅಂದೆ. "ಏರಲ್ಲಿ ಗೇರ್ ಬದಲಾಯಿಸಿದ್ರಾ?" ನೆನಪಿಲ್ಲ ಅಂದೆ. "ಅದೇ ನೋಡಿ. ಅಷ್ಟು ಜೋರಾಗಿ ತುಳಿದ್ರೆ ಯಾವ ಚೈನ್ ತಾನೇ ತಡೆಯತ್ತೆ? ಇದು ಓಡಿಸೋರ ತಪ್ಪು. ಕಂಪನಿಯವರೂ ಒಪ್ಪಲ್ಲ." ಅಷ್ಟು ಹೇಳಿ ಚೈನನ್ನು ಮೂಲೆಯಲ್ಲಿದ್ದ ಗುಜರಿ ಡಬ್ಬಕ್ಕೆ ಹಾಕಿದರು. ನಾನು ಪೆದ್ದನ ಹಾಗೆ ನಿಂತು ನೋಡಿದೆ. ಎರಡು ದಿನ ಬಿಟ್ಟು ಹೋಗಿ ಕೇಳಿದಾಗ ಡಬ್ಬ ಖಾಲಿ. ಗುಜರಿಯವನು ಬಂದು ಹೋಗಿದ್ದ.

ಈ ಬರಹ ಬರೆಯುತ್ತಿರುವುದೇ ಆ ಡಬ್ಬದ ದೆಸೆಯಿಂದ. ಚೈನ್ ಎಲ್ಲಿ ತುಂಡಾಗಿದೆ, ಹೇಗೆ ತುಂಡಾಗಿದೆ ಅನ್ನುವುದರಲ್ಲೇ ತಪ್ಪು ಯಾರದು ಅನ್ನುವ ಉತ್ತರ ಇರುತ್ತದೆ. ನಾನು ಆ ಉತ್ತರವನ್ನು ಕೈಯಾರೆ ಒಪ್ಪಿಸಿ ಬಂದಿದ್ದೆ.

"ಅಷ್ಟು ಜೋರಾಗಿ ತುಳಿದ್ರೆ" ಅನ್ನುವ ಮಾತು ರಾತ್ರಿಯೆಲ್ಲ ತಲೆ ಕೊರೆಯಿತು. ನಾನೇನು ಪೈಲ್ವಾನನಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ತೂಕ 75 ಕಿಲೋ. ಪೆಡಲ್ ಕೂರುವ ಕ್ರ್ಯಾಂಕ್ 170 ಮಿಲಿಮೀಟರ್ ಉದ್ದ. ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಾಗಾಗಿ ಆ ಚಕ್ರದ ತ್ರಿಜ್ಯ ಸುಮಾರು 65 ಮಿಲಿಮೀಟರ್. ಇಡೀ ಮೈಭಾರವನ್ನು ಒಂದೇ ಪೆಡಲ್ ಮೇಲೆ ಹಾಕಿ ನಿಂತರೂ ಚೈನಿನ ಮೇಲೆ ಬೀಳುವ ಎಳೆತ 200 ಕಿಲೋ ಹತ್ತಿರ. ಹ್ಯಾಂಡಲನ್ನು ಮೇಲಕ್ಕೆ ಎಳೆದುಕೊಂಡು ಇನ್ನಷ್ಟು ಒತ್ತಿದೆ ಅಂತಲೇ ಇಟ್ಟುಕೊಳ್ಳಿ, 300 ಕಿಲೋ. ಸೈಕಲ್ ಚೈನಿಗೆ ಇರುವ ಐಎಸ್‌ಒ 9633 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು ಕನಿಷ್ಠ 8,000 ನ್ಯೂಟನ್ ಎಳೆತ ತಡೆಯಬೇಕು. ಅಂದರೆ 800 ಕಿಲೋಗೂ ಸ್ವಲ್ಪ ಜಾಸ್ತಿ. ನನ್ನ ಕಾಲಿಗೆ ಅಷ್ಟು ಶಕ್ತಿ ಇದ್ದಿದ್ದರೆ ನಾನು ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋಗುವ ಬದಲು ಹೊತ್ತುಕೊಂಡೇ ಹೋಗುತ್ತಿದ್ದೆ.

ಆದರೆ ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಲೆಕ್ಕ ನೇರ ಎಳೆತದ್ದು. ಗೇರ್ ಬದಲಾಗುವ ಕ್ಷಣದಲ್ಲಿ ಚೈನ್ ಪಕ್ಕಕ್ಕೆ ಬಾಗಿರುತ್ತದೆ. ಆಗ ಜೋರಾಗಿ ತುಳಿದರೆ ಕೊಂಡಿಯ ಬದಿಯಲ್ಲಿರುವ ಹೊರಗಿನ ಪ್ಲೇಟು ಪಿನ್ನಿನ ತುದಿಯಿಂದ ಕಿತ್ತು ಬರಬಹುದು. ಏರಿನಲ್ಲಿ ಕಾಲು ಸಡಿಲ ಮಾಡದೆ ಗೇರ್ ಹಾಕುವವರು ಹೀಗೆ ಒಳ್ಳೆ ಚೈನನ್ನೂ ಹಾಳು ಮಾಡುತ್ತಾರೆ. ಸಾಮಾನ್ಯವಾಗಿ ಆಗ ಪ್ಲೇಟು ತಿರುಚಿಕೊಂಡಿರುತ್ತದೆ, ಕಣ್ಣಿಗೆ ಕಾಣುತ್ತದೆ. ನನ್ನದು ತಿರುಚಿತ್ತಾ? ಗುಜರಿಯವನನ್ನೇ ಕೇಳಬೇಕು.

ಪುಣ್ಯಕ್ಕೆ ರಸ್ತೆಯಲ್ಲಿ ನಿಂತಾಗ ಗೆಳೆಯನಿಗೆ ತೋರಿಸೋಣ ಅಂತ ಎರಡು ಫೋಟೋ ತೆಗೆದಿದ್ದೆ. ಒಂದು ಮಸುಕು. ಇನ್ನೊಂದನ್ನು ದೊಡ್ಡದು ಮಾಡಿ ನೋಡಿದೆ. ಉಳಿದ ಪಿನ್ನುಗಳ ತುದಿ ಸಣ್ಣ ಅಣಬೆಯ ಹಾಗೆ ಅಗಲವಾಗಿತ್ತು. ತುಂಡಾದ ಜಾಗದ ಪಿನ್ನಿನ ತುದಿ ಮಾತ್ರ ನುಣ್ಣಗೆ ಇತ್ತು. ಪ್ಲೇಟು ತಿರುಚಿದ ಹಾಗೆ ಕಾಣಲಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಗೇರ್ ಸೈಕಲ್ಲಿನ ಚೈನಿಗೆ ಕಾರ್ಖಾನೆಯಲ್ಲಿ ಪಿನ್ನು ಹಾಕಿದ ಮೇಲೆ ಅದರ ತುದಿಯನ್ನು ಒತ್ತಿ ಅಗಲ ಮಾಡುತ್ತಾರೆ. ಹೊರ ಪ್ಲೇಟು ಜಾರದೆ ನಿಲ್ಲುವುದು ಅದರಿಂದಲೇ. ಹೊಸ ಚೈನ್ ಉದ್ದ ಜಾಸ್ತಿ ಇದ್ದರೆ ಮೆಕ್ಯಾನಿಕ್ ಕಟರ್ ಹಾಕಿ ಒಂದು ಪಿನ್ನು ತಳ್ಳಿ ಚೈನ್ ಗಿಡ್ಡ ಮಾಡುತ್ತಾರೆ. ತಳ್ಳುವಾಗ ಆ ಅಗಲವಾದ ತುದಿ ಸವೆದು ಹೋಗುತ್ತದೆ, ಪ್ಲೇಟಿನ ತೂತೂ ಸ್ವಲ್ಪ ದೊಡ್ಡದಾಗುತ್ತದೆ. ಅದೇ ಪಿನ್ನನ್ನು ವಾಪಸ್ ಒತ್ತಿ ಕೂರಿಸಿದರೆ ನೋಡಲು ಸರಿಯಾಗಿಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಗೇರ್ ಇಲ್ಲದ ಹಳೇ ಸೈಕಲ್‌ಗಳಲ್ಲಿ ಇದು ನಡೆಯುತ್ತಿತ್ತು, ಅವುಗಳ ಚೈನ್ ದಪ್ಪ, ಪಿನ್ನೂ ಉದ್ದ. ಒಂಬತ್ತು ಗೇರಿನ ಚೈನಿನ ಒಟ್ಟು ಅಗಲವೇ ಸುಮಾರು 6.6 ಮಿಲಿಮೀಟರ್. ಪಿನ್ನು ಪ್ಲೇಟಿನಿಂದ ಹೊರಗೆ ಇಣುಕುವುದು ಕೂದಲೆಳೆಯಷ್ಟು. ಕೈ ಹಳೇ ಅಭ್ಯಾಸ ಬಿಡುವುದಿಲ್ಲ ಅಂತ ಕಾಣುತ್ತದೆ.

ಹಾಗಾದರೆ ಗಿಡ್ಡ ಮಾಡಿದ ಚೈನನ್ನು ಸೇರಿಸುವುದು ಹೇಗೆ? ಶಿಮಾನೊದಂಥ ಕಂಪನಿಗಳ ಕೆಲವು ಚೈನುಗಳಿಗೆ ಬೇರೆಯೇ ಒಂದು ಉದ್ದ ಪಿನ್ನು ಬರುತ್ತದೆ. ಅದನ್ನು ಒತ್ತಿ ಕೂರಿಸಿ, ಹೊರಗೆ ಉಳಿದ ತುದಿಯನ್ನು ಮುರಿದು ಎಸೆಯಬೇಕು. ಇನ್ನು ಹಲವು ಚೈನುಗಳ ಜೊತೆ ಕ್ವಿಕ್ ಲಿಂಕ್ ಬರುತ್ತದೆ, ಎರಡು ಭಾಗದ ಒಂದು ಪುಟ್ಟ ಕೊಂಡಿ. ಎರಡರಲ್ಲಿ ಯಾವುದಾದರೂ ಸರಿ. ತಳ್ಳಿದ ಪಿನ್ನನ್ನೇ ಮತ್ತೆ ಹಾಕುವುದು ಮಾತ್ರ ಸರಿಯಲ್ಲ.

ಇಷ್ಟು ಓದಿಕೊಂಡ ಮೇಲೆ ಚೈನಿನ ಡಬ್ಬಿ ನೆನಪಾಯಿತು. ಹಾಕಿಸಿದ ದಿನ ಖಾಲಿ ಡಬ್ಬಿಯನ್ನು ಬಿಲ್ಲಿನ ಜೊತೆ ಮನೆಗೆ ತಂದಿದ್ದೆ. ಅಲ್ಲಾಡಿಸಿದರೆ ಕಿಣಿಕಿಣಿ ಅಂತು. ತಳದಲ್ಲಿ ಬೆರಳುಗುರಿನಷ್ಟು ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಕ್ವಿಕ್ ಲಿಂಕ್. ಪೊಟ್ಟಣ ಒಡೆದೇ ಇರಲಿಲ್ಲ.

ಅದನ್ನು ಹಿಡಿದುಕೊಂಡು ಮತ್ತೆ ಹೋದೆ. ಈ ಸಲ ಡಬ್ಬಿಯನ್ನು ನನ್ನ ಕೈಯಲ್ಲೇ ಇಟ್ಟುಕೊಂಡು ಮಾತಾಡಿದೆ. "ಅದು ದಾರಿಯಲ್ಲಿ ಚೈನ್ ಹೋದ್ರೆ ಹಾಕ್ಕೊಳ್ಳೋಕೆ ಕೊಟ್ಟಿರೋದು ಸಾರ್" ಅಂದರು ಮೊದಲು. ಡಬ್ಬಿಯ ಮೇಲೆ ಚಿತ್ರದಲ್ಲೇ ಇತ್ತು, ಚೈನ್ ಸೇರಿಸಬೇಕಾದ್ದು ಅದರಿಂದ ಅಂತ. ತೋರಿಸಿದೆ. ಸುಮಾರು ಹೊತ್ತು ವಾದ ನಡೆಯಿತು. ಕೊನೆಗೆ ಹೊಸ ಚೈನ್ ಕೊಟ್ಟರು, ತಪ್ಪು ಒಪ್ಪಲಿಲ್ಲ, ಹಾಕುವ ಕೂಲಿ ಬೇರೆ ಕೊಡಬೇಕು ಅಂದರು. ಚೈನ್ ಮಾತ್ರ ತೆಗೆದುಕೊಂಡು ಬಂದೆ. ಮಂಡಿಯ ಖರ್ಚು ನನ್ನದೇ.

ತುಂಡಾದ ಚೈನ್ ನಿಮ್ಮ ಕೈಯಲ್ಲಿದ್ದರೆ ಮೊದಲು ಸೇರಿಸಿದ ಜಾಗ ಯಾವುದು ಅಂತ ನೋಡಿ. ಅಲ್ಲೇ ಬಿಟ್ಟಿದ್ದರೆ ಸೇರಿಸಿದವರನ್ನು ಕೇಳಬೇಕು. ಸೇರಿಸದ ಜಾಗದಲ್ಲಿ ಪ್ಲೇಟು ಅಡ್ಡಕ್ಕೆ ಸೀಳಿದ್ದರೆ ಮಾಲಿನ ದೋಷ ಇರಬಹುದು, ಅದು ಕಂಪನಿ ವಾರಂಟಿಗೆ ಬರಬೇಕಾದ ಮಾತು. ಚೈನ್ ಸವೆಯುವ ಸಾಮಾನು, ವಾರಂಟಿ ಇಲ್ಲ ಅನ್ನುತ್ತಾರೆ. ಸವೆತ ಬೇರೆ, ಸೀಳುವುದು ಬೇರೆ, ಅಲ್ವಾ? ಹತ್ತು ಹನ್ನೆರಡು ದಿನಕ್ಕೆ ಯಾವ ಚೈನೂ ಸವೆದು ತುಂಡಾಗುವುದಿಲ್ಲ. ಎಂಟು ಗೇರಿನ ಕ್ವಿಕ್ ಲಿಂಕನ್ನು ಒಂಬತ್ತು ಗೇರಿನ ಚೈನಿಗೆ ಹಾಕಿದ್ದರೆ ಅದೂ ಸೇರಿಸಿದವರ ತಪ್ಪೇ. ತೀರಾ ಕಷ್ಟ ಆಗುವುದು ಒಂದು ಕಡೆ ಕೊಂಡು ಇನ್ನೊಂದು ಕಡೆ ಹಾಕಿಸಿದಾಗ. ಮಾರಿದವರು ಹಾಕಿದವರತ್ತ ಬೆರಳು ತೋರಿಸುತ್ತಾರೆ, ಹಾಕಿದವರು ಮಾಲೇ ಸರಿಯಿಲ್ಲ ಅನ್ನುತ್ತಾರೆ. ಆಗ ನಿಮ್ಮ ಪರ ಮಾತಾಡುವುದು ಆ ತುಂಡು ಒಂದೇ. ಹತ್ತಿರದಿಂದ ಫೋಟೋ ತೆಗೆಯಿರಿ, ತೋರಿಸಿ, ವಾಪಸ್ ತನ್ನಿ. ಕಂಪನಿಗೆ ಕಳಿಸಬೇಕು ಅಂದರೆ ಬರೆಸಿಕೊಂಡು ಕೊಡಿ.

ನನ್ನ ಪಾಲಿನ ತಪ್ಪೂ ಇದೆ, ಹೇಳದೆ ಇರುವುದು ಸರಿಯಲ್ಲ. ತುಂಡಾಗುವ ಎರಡು ದಿನ ಮುಂಚಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಹೊಸದು, ಹೊಂದಿಕೊಳ್ಳಲಿ ಅಂತ ಬಿಟ್ಟಿದ್ದೆ. ಸದ್ದು ಪೆಡಲಿನ ಪ್ರತಿ ಸುತ್ತಿಗೂ ಬಂದಿದ್ದರೆ ಪೆಡಲ್ ಅಥವಾ ಕ್ರ್ಯಾಂಕ್ ನೋಡಬೇಕಿತ್ತು. ನನ್ನದು ಮೂರೂವರೆ ಸುತ್ತಿಗೊಮ್ಮೆ ಬರುತ್ತಿತ್ತು. 114 ಕೊಂಡಿಯ ಚೈನ್ 32 ಹಲ್ಲಿನ ಚಕ್ರದ ಮೇಲೆ ಪೂರ್ತಿ ಒಂದು ಸುತ್ತು ಬರಲು ಬೇಕಾಗುವುದೂ ಸರಿಸುಮಾರು ಅಷ್ಟೇ. ಅಂದರೆ ಚೈನಿನ ಯಾವುದೋ ಒಂದೇ ಕೊಂಡಿ ಪ್ರತಿ ಸಲ ಹಾದು ಹೋಗುವಾಗ ಕೂಗಿ ಹೇಳುತ್ತಿತ್ತು. ಆಗಲೇ ನಿಲ್ಲಿಸಿ ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದ್ದರೆ, ಮಡಚಿಕೊಳ್ಳಲು ತಡವರಿಸುವ ಕೊಂಡಿ ಕಣ್ಣಿಗೇ ಬೀಳುತ್ತಿತ್ತು.

ಹೊಸ ಚೈನನ್ನು ಬೇರೆ ಮೆಕ್ಯಾನಿಕ್ ಹತ್ತಿರ ಹಾಕಿಸಿದೆ. ಅವರು ಕ್ವಿಕ್ ಲಿಂಕ್ ಜೋಡಿಸಿ, ಅದನ್ನು ಚೈನಿನ ಮೇಲುಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರು. ಕ್ಲಿಕ್ ಅಂತು. ಮೊದಲ ಚೈನಿನ ಕ್ವಿಕ್ ಲಿಂಕ್ ಈಗಲೂ ಪೊಟ್ಟಣದೊಳಗೇ ಇದೆ, ಸೀಟಿನ ಕೆಳಗಿನ ಚೀಲದಲ್ಲಿ.