ಚಕ್ರ ಬಿಚ್ಚಿ ನೋಡದೆ ಹಳೆಯ ಕಾರ್ಬನ್ ಗ್ರಾವೆಲ್ ಸೈಕಲ್ ಕೊಳ್ಳಬೇಡಿ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಬನ್ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೆಂದು ಮಾಡಿದ, ಕಾರ್ಬನ್ ನಾರಿನ ಫ್ರೇಮಿನ ಸೈಕಲ್) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಹಣ ಕೊಡಿ. ಟಯರ್ ಉಜ್ಜಿ ಸವೆದ ಜಾಗಕ್ಕೆ ಪುಟ್ಟಿ ತುಂಬಿ, ಕಪ್ಪು ಬಣ್ಣ ಬಳಿದು, ಅದರ ಮೇಲೆ ಪಾರದರ್ಶಕ ಫಿಲ್ಮ್ ಅಂಟಿಸಿದ್ದ ಫ್ರೇಮೊಂದನ್ನು ನಾನು 1,55,000 ರೂಪಾಯಿ ಕೊಟ್ಟು ಮನೆಗೆ ತಂದೆ. ಇಪ್ಪತ್ತೆರಡು ದಿನ ಅದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಮೂಡಿಗೆರೆ ಕಡೆಯ ಕಾಫಿ ತೋಟದ ಇಳಿಜಾರಿನಲ್ಲಿ, ಹನ್ನೊಂದು ಕೆ.ಜಿ. ಸಾಮಾನು ಕಟ್ಟಿಕೊಂಡು ಇಳಿಯುತ್ತಿದ್ದಾಗ.

ನಾನು ಈ ವಿಷಯಕ್ಕೆ ಹೊಸಬನಲ್ಲ; ನಾಚಿಕೆಯಾಗುತ್ತಿರುವುದೂ ಅದಕ್ಕೇ. ಆರು ವರ್ಷಗಳಿಂದ ಬಿಆರ್‌ಎಂ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಿಗೆ ಹೋಗುತ್ತಿದ್ದೇನೆ, 600 ಕಿ.ಮೀ. ದೂರವನ್ನು 40 ಗಂಟೆಯ ಗಡುವಿನೊಳಗೆ ಎರಡು ಸಲ ಮುಗಿಸಿದ್ದೇನೆ. ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಪಕ್ಕದಲ್ಲೇ ರಾತ್ರಿಯಿಡೀ ತುಳಿದು ಸಾಕಾಗಿ, ಇನ್ನು ಮೇಲೆ ಮಲೆನಾಡಿನ ಮಣ್ಣುದಾರಿಗಳಲ್ಲಿ ಚೀಲ ಕಟ್ಟಿಕೊಂಡು ಮೂರು ನಾಲ್ಕು ದಿನ ಹೋಗಬೇಕೆಂದು ಆಸೆಪಟ್ಟು ಹಣ ಕೂಡಿಡುತ್ತಾ ಬಂದಿದ್ದೆ. ಕಾರ್ಬನ್ ಫ್ರೇಮು, ಶಿಮಾನೊ ಕಂಪನಿಯ ಜಿಆರ್‌ಎಕ್ಸ್ ಗೇರು, ಹೈಡ್ರಾಲಿಕ್ ಡಿಸ್ಕ್ ಬ್ರೇಕು ಇರುವ ಹೊಸ ಸೈಕಲ್ಲಿನ ಬೆಲೆ ನನಗೆ ಎಟುಕುವಂಥದ್ದಲ್ಲ. ಆಗ ಈ ಜಾಹೀರಾತು ಕಣ್ಣಿಗೆ ಬಿತ್ತು. ಎರಡು ವರ್ಷ ಹಳೆಯದು, ವಾರಾಂತ್ಯದಲ್ಲಿ ಮಾತ್ರ ಓಡಿಸಿದ್ದು, ಒಮ್ಮೆಯೂ ಬಿದ್ದಿಲ್ಲ, 45 ಎಂಎಂ ಅಗಲದ ಟಯರ್ ಸಹ ಹಿಡಿಸುತ್ತದೆ, ಬೆಲೆ 1,75,000 ಎಂದಿತ್ತು. ಜೊತೆಗೆ ಹನ್ನೊಂದು ಚಿತ್ರಗಳಿದ್ದವು. ಆ ಚಿತ್ರಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭಾನುವಾರ ಬೆಳಿಗ್ಗೆ ಮಾರುವವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸೈಕಲ್ ನೋಡಿದೆ. ಆಗಷ್ಟೇ ತೊಳೆದು ನಿಲ್ಲಿಸಿದ್ದರು, ಫ್ರೇಮಿನ ಮೇಲೆ ಇನ್ನೂ ನೀರಿನ ಹನಿಗಳಿದ್ದವು. ಎಷ್ಟು ಜೋಪಾನ ಮಾಡಿದ್ದಾರೆ ಎಂದುಕೊಂಡೆ. ಒದ್ದೆ ಫ್ರೇಮಿನಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಅವರ ತಾಯಿಯವರು ಕೆಳಗೇ ಕಾಫಿ ತಂದುಕೊಟ್ಟರು. ನಾನು ಗೇಜ್ ಹಾಕಿ ಚೈನ್ ಸವೆತ ನೋಡಿದೆ, ಬ್ರೇಕ್ ಪ್ಯಾಡ್ ನೋಡಿದೆ, ಮುಂದಿನ ಬ್ರೇಕ್ ಹಿಡಿದು ಅಲ್ಲಾಡಿಸಿ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿದೆ, ನಾಣ್ಯದಿಂದ ಟಾಪ್ ಟ್ಯೂಬನ್ನೂ ಡೌನ್ ಟ್ಯೂಬನ್ನೂ ತಟ್ಟಿ ಸದ್ದು ಕೇಳಿದೆ. ಚೈನ್‌ಸ್ಟೇಗಳ, ಅಂದರೆ ಪೆಡಲ್ ಬಳಿಯಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಎರಡು ಕೊಳವೆಗಳ, ಮೇಲೆ ಫಿಲ್ಮ್ ಇದ್ದುದನ್ನು ಕಂಡು ಕೇಳಿದ್ದಕ್ಕೆ, "ಕಲ್ಲು ಹೊಡೆದು ಪೇಂಟ್ ಹೋಗ್ಬಾರ್ದು ಅಂತ ಹಾಕ್ಸಿದ್ದೀನಿ ಸರ್, ನಿಮಗೇ ಒಳ್ಳೇದು" ಎಂದರು. ಹಿಂದಿನ ಚಕ್ರ ಬಿಚ್ಚಿ ನೋಡಲೇ ಎಂದೆ. "ಬೇಡ ಸರ್, ರೋಟರ್ ಅಲೈನ್‌ಮೆಂಟ್ ನಿನ್ನೆ ತಾನೇ ಮಾಡ್ಸಿದ್ದೀನಿ, ಮತ್ತೆ ಉಜ್ಜೋಕೆ ಶುರುವಾಗತ್ತೆ" ಎಂದರು.

ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಬಿಗಿಯುವ ಅಚ್ಚು) ಇರುವ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿದರೆ ರೋಟರ್, ಅಂದರೆ ಬ್ರೇಕಿನ ತಟ್ಟೆ, ಅದೇ ಜಾಗಕ್ಕೆ ಬಂದು ಕೂರುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಕೈಯಲ್ಲಿ ಅವರ ಮನೆಯ ಕಾಫಿ ಲೋಟ ಹಿಡಿದುಕೊಂಡು ಅವರ ಮಾತನ್ನು ಅನುಮಾನಿಸುವುದು ಸರಿಯಲ್ಲ ಎನಿಸಿತು. 1,55,000ಕ್ಕೆ ಮಾತು ಮುಗಿಯಿತು, ಅಲ್ಲೇ ಮೊಬೈಲಿನಿಂದ ಹಣ ಕಳಿಸಿದೆ. ಬಿಲ್ ಬೇರೆ ಯಾರದೋ ಹೆಸರಿನಲ್ಲಿತ್ತು, ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಕೊಂಡದ್ದಕ್ಕೆ ಒಂದು ಸಾಲಿನ ಬರಹವೂ ನನ್ನ ಕೈಯಲ್ಲಿಲ್ಲ.

ಡಿಸೆಂಬರಿನಲ್ಲಿ ಸಕಲೇಶಪುರದಿಂದ ಹೊರಟು ಹಾನುಬಾಳು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಮುಟ್ಟಿ, ಬಾಳೆಹೊನ್ನೂರಿನ ಮೇಲೆ ಚಿಕ್ಕಮಗಳೂರಿಗೆ ಬರುವ ಯೋಜನೆ ಹಾಕಿದ್ದೆ. ಸಾಧ್ಯವಾದಲ್ಲೆಲ್ಲ ಡಾಂಬರು ಬಿಟ್ಟು ತೋಟದ ರಸ್ತೆ ಹಿಡಿಯುವುದೆಂದು ಗೊತ್ತುಮಾಡಿಕೊಂಡಿದ್ದೆ. ಮೊದಲ ದಿನ ಹಾನುಬಾಳು ದಾಟುವ ಮೊದಲೇ ಏರಿನಲ್ಲಿ ಎದ್ದು ತುಳಿದಾಗಲೆಲ್ಲ ಕಿರ್ ಕಿರ್ ಎಂಬ ಸದ್ದು ಶುರುವಾಯಿತು. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಬೇರಿಂಗ್) ಇರಬೇಕು, ಸೀಟ್ ಪೋಸ್ಟ್ ಇರಬೇಕು ಎಂದುಕೊಂಡು ಬೋಲ್ಟ್ ಬಿಗಿ ಮಾಡಿ ಮುಂದೆ ಹೋದೆ. ಮಧ್ಯಾಹ್ನ ಕಡಿದಾದ ಜಲ್ಲಿ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಸೈಕಲ್ಲಿನ ಹಿಂಭಾಗ ಎಡಕ್ಕೆ ಎಳೆದಂತಾಯಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಹಾಗೇ ಆಯಿತು. ಈ ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕಿನ ಕ್ಯಾಲಿಪರ್ (ತಟ್ಟೆಯನ್ನು ಹಿಡಿಯುವ ಭಾಗ) ಕೂರುವುದು ಎಡ ಚೈನ್‌ಸ್ಟೇ ಮೇಲೆ. ಬ್ರೇಕ್ ಹಿಡಿದಾಗಿನ ಬಲದ ಬಹುಪಾಲನ್ನು ತಡೆದುಕೊಳ್ಳುವುದು ಆ ಒಂದು ಕೊಳವೆ.

ಇಳಿದು ತಳ್ಳಿಕೊಂಡು ಹೋದೆ. ತೋಟದ ಲೈನ್ ಮನೆಗಳ ಹತ್ತಿರ ಒಂದು ನಲ್ಲಿ ಇತ್ತು. ಅಲ್ಲಿದ್ದ ಅಮ್ಮನವರೊಬ್ಬರನ್ನು ಕೇಳಿ ನೀರು ಹಿಡಿದು ಹಿಂಭಾಗದ ಕೆಂಪು ಕೆಸರು ತೊಳೆದೆ, ಚಕ್ರ ಬಿಚ್ಚಿದೆ. ಎಡ ಚೈನ್‌ಸ್ಟೇಯ ಒಳಬದಿಯಲ್ಲಿ, ಟಯರಿಗೆ ಎದುರಾಗುವ ಜಾಗದಲ್ಲಿ, ಫಿಲ್ಮಿನ ಅಂಚು ಎದ್ದಿತ್ತು. ಅದನ್ನು ಉಗುರಿನಿಂದ ಎಳೆದೆ. ಫಿಲ್ಮಿನ ಜೊತೆಗೆ ಕಪ್ಪು ಬಣ್ಣವೂ ಸಿಪ್ಪೆಯಂತೆ ಸುಲಿದು ಬಂತು. ಕೆಳಗೆ ಬೂದು ಬಣ್ಣದ ಪುಟ್ಟಿ. ಪುಟ್ಟಿಯ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಿರುಕು, ಮತ್ತು ಹೆಬ್ಬೆರಳಿನಿಂದ ಒತ್ತಿದರೆ ಆ ಬಿರುಕಿನಿಂದ ನೀರಿನ ಪಸೆ ಹೊರಗೆ ಬರುತ್ತಿತ್ತು. ನಾನು ಎಷ್ಟೋ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಒತ್ತುತ್ತಾ, ಬಿಡುತ್ತಾ, ಒತ್ತುತ್ತಾ ಇದ್ದೆ. ಆ ಅಮ್ಮ, "ಏನಾಯ್ತಪ್ಪ, ಮುರೀತಾ?" ಎಂದರು. ಬಾಯಿಂದ ಮಾತು ಹೊರಡಲಿಲ್ಲ.

ತೋಟದ ಪಿಕಪ್ ಗಾಡಿಯೊಂದು ಮೂಡಿಗೆರೆಯವರೆಗೆ ಬಿಟ್ಟಿತು. ರಾತ್ರಿ ಲಾಡ್ಜಿನಲ್ಲಿ ಆ ಹನ್ನೊಂದು ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಹತ್ತು ಚಿತ್ರಗಳು ಬಲಬದಿಯವು. ಚೈನ್, ಗೇರು ಕಾಣಬೇಕೆಂದು ಸೈಕಲ್ಲನ್ನು ಎಲ್ಲರೂ ಬಲಬದಿಯಿಂದಲೇ ತೆಗೆಯುತ್ತಾರೆ, ಹಾಗಾಗಿ ನನಗೆ ಏನೂ ಅನುಮಾನ ಬಂದಿರಲಿಲ್ಲ. ಎಡಬದಿಯ ಚಿತ್ರ ಒಂದೇ ಒಂದು. ಅದರಲ್ಲಿ ಮಾರಿದವರು ಸೈಕಲ್ ಹಿಡಿದು ನಿಂತಿದ್ದಾರೆ, ಅವರ ಕಾಲು ಸರಿಯಾಗಿ ಎಡ ಚೈನ್‌ಸ್ಟೇಗೆ ಅಡ್ಡ ಬಂದಿದೆ. ನಗುತ್ತಿದ್ದಾರೆ. ಆ ಚಿತ್ರವನ್ನು ನಾನು ಕೊಳ್ಳುವ ಮೊದಲು ಇಪ್ಪತ್ತು ಸಲವಾದರೂ ನೋಡಿದ್ದೇನೆ.

ಬೆಂಗಳೂರಿಗೆ ಬಂದ ಮೇಲೆ ನನಗೆ ಪರಿಚಯದ ಮೆಕ್ಯಾನಿಕ್ ಫ್ರೇಮ್ ನೋಡಿ ಕಾರಣ ಹೇಳಿದರು. ಆ ಫ್ರೇಮಿಗೆ ತಯಾರಕರು ಹೇಳಿರುವ ಟಯರ್ ಅಗಲದ ಮಿತಿ 40 ಎಂಎಂ. ಅದಕ್ಕೆ 45 ಹಾಕಿ ಕೆಸರಿನಲ್ಲಿ ಓಡಿಸಿದ್ದಾರೆ, ಟಯರಿಗೂ ಚೈನ್‌ಸ್ಟೇಗೂ ನಡುವೆ ಸಿಕ್ಕಿಕೊಂಡ ಮಣ್ಣು, ಉಪ್ಪುಕಾಗದದಂತೆ ಉಜ್ಜಿ ಕಾರ್ಬನ್ ಪದರಗಳನ್ನೇ ಸವೆಸಿದೆ. ಮಾರುವ ಮುಂಚೆ 38ರ ಟಯರ್ ಹಾಕಿದ್ದರಿಂದ ನೋಡಿದವರಿಗೆ ಜಾಗ ಧಾರಾಳವಾಗಿಯೇ ಕಾಣುತ್ತಿತ್ತು. ಕೆಸರು ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. 2023ರ ಅನ್‌ಬೌಂಡ್ ಗ್ರಾವೆಲ್ ಸ್ಪರ್ಧೆಯಲ್ಲಿ, ಕಾನ್ಸಾಸ್‌ನ ಎಂಪೋರಿಯಾದ ಹತ್ತಿರ, 200 ಮೈಲಿಯ ಓಟದ ಆರಂಭದಲ್ಲೇ ಅಂಟು ಕೆಸರು ಚಕ್ರಗಳನ್ನು ಕಚ್ಚಿ ನಿಲ್ಲಿಸಿದ್ದನ್ನೂ, ಸವಾರರು ಸೈಕಲ್ ಹೊತ್ತು ನಡೆದದ್ದನ್ನೂ, ಮರದ ಪಟ್ಟಿಗಳಿಂದ ಕೆಸರು ಕೆರೆದದ್ದನ್ನೂ ನೋಡಿ ಸ್ನೇಹಿತರಿಗೆಲ್ಲ ವಿವರಿಸಿದವನು ನಾನು. ಆದರೂ ಚಕ್ರ ಬಿಚ್ಚಿ ಬೆರಳು ಇಟ್ಟು ನೋಡಲಿಲ್ಲ.

ಇನ್ನು ಮಾರಿದಾತನ ಉತ್ತರಗಳು. ಬಿರುಕಿನ ಚಿತ್ರ ಕಳಿಸಿದಾಗ ಮೊದಲು ಬಂದದ್ದು, "ಅಯ್ಯೋ, ಹೇಗಾಯ್ತು ಸರ್? ನೀವು ಹುಷಾರಾಗಿದ್ದೀರಾ?" ಪುಟ್ಟಿಯ ಚಿತ್ರ ಕಳಿಸಿದ ಮೇಲೆ, "ನಾನು ಓಡಿಸುವಾಗ ಇರ್ಲಿಲ್ಲ." ಇಪ್ಪತ್ತೆರಡು ದಿನಗಳಲ್ಲಿ ನಾನೇ ಸವೆಸಿ, ನಾನೇ ಪುಟ್ಟಿ ತುಂಬಿ, ನಾನೇ ಬಣ್ಣ ಹೊಡೆದುಕೊಂಡೆನೇ ಎಂದು ಕೇಳಿದೆ. "ಗ್ರಾವೆಲ್ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ. ನೀವೇ ನೋಡಿ ತಗೊಂಡಿದ್ದು." ಅರ್ಧ ಹಣವಾದರೂ ಹಿಂತಿರುಗಿಸಿ ಎಂದಾಗ "ಸರ್" ಹೋಗಿ "ಬ್ರೋ" ಬಂತು: "ಬ್ರೋ, ಸೆಕೆಂಡ್ ಹ್ಯಾಂಡ್‌ಗೆ ಗ್ಯಾರಂಟಿ ಯಾರು ಕೊಡ್ತಾರೆ? ನಂಗೂ ಹಂಗೇ ಮಾರಿದ್ರು." ನಂಗೂ ಹಂಗೇ ಮಾರಿದ್ರು! ಅಂದರೆ ಗೊತ್ತಿತ್ತು. ಬಿರುಕು ಇದೆ ಎಂದು ಗೊತ್ತಿದ್ದೂ, ಚೀಲ ಕಟ್ಟಿಕೊಂಡು ಘಟ್ಟ ಇಳಿಯಲು ಹೋಗುತ್ತೇನೆಂದು ನನ್ನ ಬಾಯಿಂದಲೇ ಕೇಳಿಯೂ, "ಎಂಜಾಯ್ ಮಾಡಿ ಸರ್" ಎಂದು ಕೈ ಕುಲುಕಿ ಕಳಿಸಿದ್ದರು. ಅದರ ಮರುದಿನ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಸರಿಯಾಗಿ ರಿಪೇರಿ ಮಾಡಿದ ಕಾರ್ಬನ್ ಫ್ರೇಮ್ ಮಾರುವುದು ತಪ್ಪೇನಲ್ಲ. ರಿಪೇರಿಯಾಗಿದೆ ಎಂದು ಹೇಳಿ, ಬೆಲೆ ಇಳಿಸಿ ಮಾರಿದ್ದರೆ ನಾನೇ ಯೋಚಿಸಿ ತೀರ್ಮಾನಿಸುತ್ತಿದ್ದೆ. ಇಲ್ಲಿ ನಡೆದಿರುವುದು ರಿಪೇರಿಯಲ್ಲ, ಮುಚ್ಚಿಡುವ ಕೆಲಸ. ಉಕ್ಕು ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ, ಒಳಗೇ ಪದರ ಬಿಟ್ಟುಕೊಂಡು ಒಂದು ಗಳಿಗೆಯಲ್ಲಿ ಮುರಿಯಬಹುದು.

ಹಾಗಾಗಿ ಎಡಬದಿಯ ಚಿತ್ರ ಕೇಳಿ. ಚೈನ್‌ಸ್ಟೇ, ಸೀಟ್‌ಸ್ಟೇ (ಸೀಟಿನ ಕೆಳಗಿನಿಂದ ಹಿಂದಿನ ಚಕ್ರಕ್ಕೆ ಬರುವ ಕೊಳವೆಗಳು), ಫೋರ್ಕಿನ ಒಳಬದಿಯನ್ನು ಎರಡೂ ಚಕ್ರ ಬಿಚ್ಚಿ, ಒಣಗಿದ ಮೇಲೆ, ಟಾರ್ಚ್ ಹಿಡಿದು ನೋಡಿ. ಫಿಲ್ಮ್ ಇದ್ದರೆ ತೆಗೆಸಿ ನೋಡಿ. ಹೊಸ ಫಿಲ್ಮ್ ಕೆಲವು ನೂರು ರೂಪಾಯಿಯ ಮಾತು. ಚಕ್ರ ಬಿಚ್ಚಬೇಡಿ ಎಂದವರ ಹತ್ತಿರ ಮುಂದಿನ ಮಾತು ಬೇಡ. ಹಣ ಕೊಡುವ ಮೊದಲು, ರಿಪೇರಿ ಆಗಿಲ್ಲ ಎಂದು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ನನ್ನ ಗೇರು, ಬ್ರೇಕುಗಳನ್ನು ಬಿಚ್ಚಿ ಇಟ್ಟಿದ್ದೇನೆ, ಹಣವಾದಾಗ ಉಕ್ಕಿನ ಫ್ರೇಮ್ ಕೊಂಡು ಅದಕ್ಕೆ ಹಾಕಿಸಬೇಕು. ಕಾರ್ಬನ್ ಫ್ರೇಮನ್ನು ಮಾರುವುದಿಲ್ಲ, ಬಿರುಕಿನ ಜಾಗದಲ್ಲಿ ಗರಗಸದಿಂದ ಎರಡು ತುಂಡು ಮಾಡಿಸಿದ್ದೇನೆ. ನಾಲ್ಕು ದಿನದ ಹಿಂದೆ ಅದೇ ವ್ಯಕ್ತಿ ಇನ್ನೊಂದು ಗ್ರಾವೆಲ್ ಸೈಕಲ್ ಮಾರಾಟಕ್ಕೆ ಹಾಕಿರುವುದನ್ನು ಸ್ನೇಹಿತರೊಬ್ಬರು ತೋರಿಸಿದರು. ಒಂಬತ್ತು ಚಿತ್ರಗಳಿವೆ, ಒಂಬತ್ತೂ ಬಲಬದಿಯವು.