ಕೊಂಡ ಹಾಡು ಫೋನಿಗೆ ಬರುವ ದಾರಿಗಳು: ಕೇಬಲ್, ವೈಫೈ, ಕ್ಲೌಡ್ ಬಳಸಿ ನೋಡಿದ ಹೋಲಿಕೆ

ದುಡ್ಡು ಕೊಟ್ಟು ಕೊಂಡ ಹಾಡು ಎಂದರೆ ಒಂದು ಫೈಲ್. ಅಂಗಡಿ ಮುಚ್ಚಲಿ, ಆ್ಯಪ್ ಹೋಗಲಿ, ಫೈಲ್ ನನ್ನ ಕೈಯಲ್ಲಿ ಇರುವ ತನಕ ಹಾಡು ನನ್ನದು. ಹಾಗಾಗಿ ಅದನ್ನು ಲ್ಯಾಪ್‌ಟಾಪ್‌ನಿಂದ ಫೋನಿಗೆ ಸಾಗಿಸುವ ಯಾವ ದಾರಿಯನ್ನೇ ಆದರೂ ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ: ಅದೇ ಫೈಲ್, ಅದೇ ಗುಣಮಟ್ಟದಲ್ಲಿ, ನಾನು ಜೋಡಿಸಿಟ್ಟ ಫೋಲ್ಡರಿನಲ್ಲೇ ಆಚೆ ಬದಿಗೆ ತಲುಪುತ್ತದೆಯೇ? ತಲುಪಿದ ಮೇಲೆ ಅದನ್ನು ಮತ್ತೆ ಹೊರತೆಗೆಯಲು ಆಗುತ್ತದೆಯೇ?

ನನ್ನ ಸಂಗ್ರಹ ಬೇರೆ ಬೇರೆ ಕಾಲದ್ದು. ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ ತೆರೆದು 2013ರ ಜೂನ್‌ನಲ್ಲಿ ಮುಚ್ಚಿದ ‘ಫ್ಲೈಟ್’ ಎಂಬ ಮಳಿಗೆಯ ಎಂಪಿ3ಗಳಿವೆ. ಐಟ್ಯೂನ್ಸ್ ಮಳಿಗೆ ಭಾರತಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಅಲ್ಲಿ ಕೊಂಡ ಭಾವಗೀತೆ, ಚಿತ್ರಗೀತೆಗಳಿವೆ. 2020ರ ಕೊನೆಗೆ ನಿಂತುಹೋದ ಗೂಗಲ್ ಪ್ಲೇ ಮ್ಯೂಸಿಕ್‌ನಿಂದ ಇಳಿಸಿಟ್ಟವು, ಬ್ಯಾಂಡ್‌ಕ್ಯಾಂಪ್‌ನಿಂದ ಗುಣಮಟ್ಟ ಕುಂದದ ಫ್ಲಾಕ್ ರೂಪದಲ್ಲಿ ಕೊಂಡವು ಇವೆ. ಇವೆಲ್ಲದರ ಜೊತೆಗೆ ಉಡುಪಿ, ಮಂಗಳೂರಿನ ಅಂಗಡಿಗಳಲ್ಲಿ ಒಂದು ಕಾಲಕ್ಕೆ ರಾಶಿ ಬೀಳುತ್ತಿದ್ದ ಎಂಪಿ3 ಸಿಡಿಗಳು: ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ), ದಾಸರ ಪದ, ತುಳು ಹಾಡು. ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ಹಾಡು, 40 ಜಿಬಿ.

ಇಷ್ಟನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಅಗತ್ಯವೇನು ಎಂದು ಕೇಳುವವರು ಒಮ್ಮೆ ಮಂಗಳೂರಿನಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಹೋಗಿಬರಬೇಕು. ಸುಬ್ರಹ್ಮಣ್ಯ ದಾಟಿ ಸಕಲೇಶಪುರ ಬರುವ ತನಕ 57 ಸುರಂಗಗಳು. ನೆಟ್‌ವರ್ಕ್ ನಂಬಿ ಹಾಡು ಹಾಕಿದವರಿಗೆ ಪಲ್ಲವಿ ಸಿಕ್ಕರೆ ಚರಣ ಸಿಗುವುದಿಲ್ಲ. ಆಗುಂಬೆಯ ತಿರುವುಗಳಲ್ಲೂ ಹೆಚ್ಚುಕಡಿಮೆ ಇದೇ ಅನುಭವ.

ಇನ್ನೊಂದು ಮಾತು. ತಿಂಗಳ ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಒತ್ತಿ ಇಟ್ಟ ಹಾಡುಗಳಿಗೆ ಈ ಬರಹ ಅನ್ವಯಿಸುವುದಿಲ್ಲ. ಅವು ಆ ಆ್ಯಪ್‌ನೊಳಗೆ ಮಾತ್ರ ನುಡಿಯುತ್ತವೆ. ಚಂದಾ ನಿಂತ ದಿನ ಅವೂ ನಿಲ್ಲುತ್ತವೆ.

ಮೊದಲು ಯುಎಸ್‌ಬಿ ಕೇಬಲ್. ಎಲ್ಲರಿಗೂ ಗೊತ್ತಿರುವ ದಾರಿ, ಆದರೆ ಅರ್ಧಕ್ಕರ್ಧ ಜನ ಇಲ್ಲೇ ಸೋತು ಕೈಬಿಡುವುದನ್ನು ನೋಡಿದ್ದೇನೆ. ಕಾರಣ ಬಹಳ ಸಲ ಕೇಬಲ್ಲೇ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಕೊಳ್ಳುವಾಗ ‘ಡೇಟಾ ಕೇಬಲ್ ಕೊಡಿ’ ಎಂದೇ ಕೇಳಬೇಕು. ಅಗ್ಗದ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ. ಮಾಹಿತಿ ಸಾಗಿಸುವ ತಂತಿ ಇರುವುದೇ ಇಲ್ಲ. ಅಂಥದ್ದನ್ನು ಸಿಕ್ಕಿಸಿದರೆ ಫೋನ್ ಚಾರ್ಜ್ ಆಗುತ್ತದೆ, ಲ್ಯಾಪ್‌ಟಾಪ್‌ಗೆ ಮಾತ್ರ ಫೋನ್ ಕಾಣಿಸುವುದಿಲ್ಲ. ಸರಿಯಾದ ಕೇಬಲ್ ಸಿಕ್ಕಿಸಿದ ಮೇಲೂ ಆಂಡ್ರಾಯ್ಡ್ ಫೋನ್ ಮೊದಲಿಗೆ ಚಾರ್ಜಿಂಗ್ ಸ್ಥಿತಿಯಲ್ಲೇ ಇರುತ್ತದೆ. ಪರದೆಯನ್ನು ಮೇಲಿನಿಂದ ಎಳೆದು, ಯುಎಸ್‌ಬಿ ಸೂಚನೆಯನ್ನು ಒತ್ತಿ, ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಆಮೇಲೆ ಫೋನಿನ ‘ಮ್ಯೂಸಿಕ್’ ಫೋಲ್ಡರ್ ತೆರೆದು ಹಾಡುಗಳನ್ನು ಎಳೆದು ಹಾಕಿದರೆ ಆಯಿತು.

ವೇಗಕ್ಕೆ ಕೊರತೆಯಿಲ್ಲ. ಸಾಧಾರಣ ಯುಎಸ್‌ಬಿ 2.0ರಲ್ಲೂ ಸೆಕೆಂಡಿಗೆ 30 ಎಂಬಿ ಆಸುಪಾಸು ಸಿಕ್ಕರೆ 40 ಜಿಬಿ ಅರ್ಧ ಗಂಟೆಯೊಳಗೆ ಮುಗಿಯಬೇಕು. ಸಣ್ಣ ಫೈಲ್‌ಗಳು ಸಾವಿರಗಟ್ಟಲೆ ಇರುವುದರಿಂದ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಆಂಡ್ರಾಯ್ಡ್ ಬಳಸುವ ಎಂಟಿಪಿ ವಿಧಾನ ಒಂದೊಂದೇ ಫೈಲನ್ನು ಕೇಳಿ, ಬರೆದು, ಮುಂದಿನದಕ್ಕೆ ಹೋಗುತ್ತದೆ. ಅದರ ದೊಡ್ಡ ಕೊರತೆ ಬೇರೆ: ನಡುವೆ ಕೇಬಲ್ ಅಲುಗಿದರೆ ಎಲ್ಲಿಯವರೆಗೆ ಬಂದಿತ್ತು ಎಂಬ ಲೆಕ್ಕ ಇಡುವುದಿಲ್ಲ. ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿಕೊಂಡು ಉಳಿಯಬಹುದು. ಅದಕ್ಕೇ ನಾನು ಪೂರ್ತಿ ಸಂಗ್ರಹವನ್ನು ಒಮ್ಮೆಗೇ ಎಳೆಯುವುದಿಲ್ಲ. ಗಾಯಕರ ಫೋಲ್ಡರ್ ಒಂದೊಂದನ್ನೇ ಹಾಕಿ, ಎರಡೂ ಕಡೆ ಫೈಲ್‌ಗಳ ಸಂಖ್ಯೆ ಹೊಂದುತ್ತದೆಯೇ ಎಂದು ನೋಡಿ ಮುಂದುವರಿಯುತ್ತೇನೆ.

ತಾಳಮದ್ದಳೆ ಕೇಳುವವರಿಗೆ ಇಲ್ಲಿ ಬೇರೆಯದೇ ಒಂದು ತೊಡಕು ಕಾದಿದೆ, ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮ ಕಡೆ ತಾಳಮದ್ದಳೆಯ ಫೈಲ್‌ಗೆ ಹೆಸರಿಡುವಾಗ ಪ್ರಸಂಗ, ಭಾಗವತರು, ಮದ್ದಳೆಗಾರರು, ಪಾತ್ರದ ಮಾತು ಆಡುವ ಒಬ್ಬೊಬ್ಬ ಅರ್ಥಧಾರಿ, ನಡೆದ ಊರು, ಇಸವಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುವ ರೂಢಿ. ವಿಂಡೋಸ್ ಇದಕ್ಕೆ ತಕರಾರು ಮಾಡುವುದಿಲ್ಲ. ಅದು ಹೆಸರಿನಲ್ಲಿ 255 ಅಕ್ಷರಚಿಹ್ನೆಗಳ ವರೆಗೆ ಒಪ್ಪುತ್ತದೆ. ಆಂಡ್ರಾಯ್ಡ್ ಫೋನಿನ ಮಿತಿ 255 ಬೈಟ್. ಯುನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಒತ್ತಕ್ಷರದಲ್ಲಿ ಅಡಗಿರುವ ಅರ್ಧಾಕ್ಷರದ ಚಿಹ್ನೆಗೂ (್) ಗುಣಿತಕ್ಕೂ ಪ್ರತ್ಯೇಕವಾಗಿ. ‘ಸ್ತ್ರೀ’ ಎಂಬ ಒಂದು ಅಕ್ಷರವೇ 18 ಬೈಟ್ ನುಂಗುತ್ತದೆ. ಹೀಗಾಗಿ 85 ಚಿಹ್ನೆ ದಾಟಿದ ಕನ್ನಡ ಹೆಸರು ಫೋನಿಗೆ ಇಳಿಯುವುದಿಲ್ಲ. ತೆರೆಯ ಮೇಲೆ ಬರುವ ಸೂಚನೆಯಲ್ಲಿ ಈ ಕಾರಣದ ಸುಳಿವೂ ಇರುವುದಿಲ್ಲ. ಪ್ರಸಂಗ ಮತ್ತು ಇಸವಿಯನ್ನು ಮಾತ್ರ ಹೆಸರಿನಲ್ಲಿ ಉಳಿಸಿ, ಕಲಾವಿದರ ಪಟ್ಟಿಯನ್ನು ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಟ್ಯಾಗ್‌ಗೆ ಸೇರಿಸಿದ ಮೇಲೆ ಎಲ್ಲವೂ ಸುಸೂತ್ರ. ಕೇಬಲ್, ವೈಫೈ ಎರಡಕ್ಕೂ ಇದು ಅನ್ವಯ.

ಮೆಮೊರಿ ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲಿ ಕಾರ್ಡ್ ಹಾಕುವ ಜಾಗ ಇದ್ದರೆ, ಕಾರ್ಡ್ ರೀಡರಿನಲ್ಲಿಟ್ಟು ತುಂಬಿಸುವುದು ಎಂಟಿಪಿಗಿಂತ ನೆಮ್ಮದಿಯ ಕೆಲಸ. ಹೊಸ ಫೋನಿಗೆ ಹೋಗುವಾಗ ಕಾರ್ಡ್ ಕಿತ್ತು ಹಾಕಿದರೆ ಸಾಕು. ಆದರೆ ಆ ಜಾಗವಿರುವ ಫೋನ್‌ಗಳೇ ಕಡಿಮೆಯಾಗುತ್ತಿವೆ. ಬ್ಲೂಟೂತ್ ಅಂತೂ ಒಂದೆರಡು ಹಾಡಿಗೆ ಸರಿ. ಅದರ ಸಾಮಾನ್ಯ ವೇಗದಲ್ಲಿ 40 ಜಿಬಿ ದಾಟಿಸಲು ಒಂದೂವರೆ ದಿನ ಮೀರುತ್ತದೆ.

ವೈಫೈ ದಾರಿಯಲ್ಲಿ ಎರಡು ಆ್ಯಪ್‌ಗಳನ್ನು ಬಳಸಿದ್ದೇನೆ, ಎರಡೂ ಉಚಿತ, ಮುಕ್ತ ತಂತ್ರಾಂಶ. ಲೋಕಲ್‌ಸೆಂಡ್‌ಗೆ ಖಾತೆ ಬೇಡ, ಇಂಟರ್ನೆಟ್ ಬೇಡ. ಫೋನ್, ಲ್ಯಾಪ್‌ಟಾಪ್ ಒಂದೇ ವೈಫೈಯಲ್ಲಿದ್ದರೆ ಸಾಕು. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಹೊಸದಾಗಿ ಒಂದು ಆಲ್ಬಮ್ ಕೊಂಡಾಗ ಕಳಿಸಲು ಇದಕ್ಕಿಂತ ಸಲೀಸಾದದ್ದು ನನಗೆ ಸಿಕ್ಕಿಲ್ಲ. ಆದರೆ ಫೋನಿನಲ್ಲಿ ಈಗಾಗಲೇ ಏನಿದೆ, ಏನಿಲ್ಲ ಎಂಬ ಲೆಕ್ಕ ನೋಡಿಕೊಳ್ಳುವುದು ನಮ್ಮದೇ ಕೆಲಸ.

ಆ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು ಸಿಂಕ್‌ಥಿಂಗ್. ನನ್ನ ಒಲವು ಇದರ ಕಡೆಗೆ. ಲ್ಯಾಪ್‌ಟಾಪ್‌ನ ಹಾಡಿನ ಫೋಲ್ಡರನ್ನೂ ಫೋನಿನ ಹಾಡಿನ ಫೋಲ್ಡರನ್ನೂ ಒಮ್ಮೆ ಪರಿಚಯ ಮಾಡಿಸಿಬಿಟ್ಟರೆ, ಆಮೇಲೆ ಇಲ್ಲಿ ಸೇರಿಸಿದ್ದು ಅಲ್ಲಿ ಕಾಣಿಸಿಕೊಳ್ಳುತ್ತದೆ. ಟ್ಯಾಗ್‌ನಲ್ಲಿ ಒಂದು ಕಾಗುಣಿತ ತಿದ್ದಿದರೂ ಆ ತಿದ್ದುಪಡಿ ಫೋನಿಗೆ ಹೋಗುತ್ತದೆ. ಪ್ರತಿ ಫೈಲನ್ನೂ ತುಣುಕುಗಳಾಗಿ ಕಳಿಸಿ, ಒಂದೊಂದು ತುಣುಕನ್ನೂ ತಾಳೆ ನೋಡಿ, ಎಲ್ಲ ಸರಿಯಿದ್ದ ಮೇಲಷ್ಟೇ ಅದಕ್ಕೆ ನಿಜವಾದ ಹೆಸರು ಕೊಡುತ್ತದೆ. ಇದರ ಬೆಲೆ ತಿಳಿಯುವುದು ನಮ್ಮ ಮಳೆಗಾಲದಲ್ಲಿ. ಆಟಿಯ ಮಳೆಗೆ ಕರೆಂಟ್ ಹೋಗಿ ರೂಟರ್ ಆರಿದರೂ ಅರ್ಧ ಹಾಡು ಪೂರ್ತಿ ಹಾಡಿನ ವೇಷ ಹಾಕಿಕೊಂಡು ಕೂರುವುದಿಲ್ಲ. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದೆ. ಕೇಬಲ್‌ಗೆ ಕರೆಂಟಿನ ಹಂಗಿಲ್ಲದಿದ್ದರೂ ಈ ಎಚ್ಚರ ಇಲ್ಲ.

ಹೊಂದಿಸುವಾಗ ಎರಡು ಸಂಗತಿ ಗಮನಿಸಬೇಕು. ಲ್ಯಾಪ್‌ಟಾಪ್ ಕಡೆ ‘ಸೆಂಡ್ ಓನ್ಲಿ’, ಫೋನ್ ಕಡೆ ‘ರಿಸೀವ್ ಓನ್ಲಿ’ ಎಂದು ಇಡಿ. ಇಲ್ಲದಿದ್ದರೆ ಫೋನಿನಲ್ಲಿ ಅಳಿಸಿದ ಹಾಡು ಲ್ಯಾಪ್‌ಟಾಪ್‌ನಿಂದಲೂ ಅಳಿದುಹೋಗುತ್ತದೆ. ಕೊಂಡ ಹಾಡಿನ ಮಟ್ಟಿಗೆ ಅದು ಸಣ್ಣ ನಷ್ಟವಲ್ಲ. ಇನ್ನೊಂದು, ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆಯಿಂದ ಈ ಆ್ಯಪ್‌ಗೆ ವಿನಾಯಿತಿ ಕೊಡಬೇಕು, ಇಲ್ಲವಾದರೆ ಹಿನ್ನೆಲೆಯಲ್ಲಿ ಅದು ನಿದ್ದೆ ಹೋಗುತ್ತದೆ. ಆಂಡ್ರಾಯ್ಡ್‌ನ ಮೂಲ ಆ್ಯಪ್ 2024ರ ಡಿಸೆಂಬರ್‌ಗೆ ನಿಂತಿತು. ಈಗ ಬಳಸಬೇಕಾದದ್ದು ಬೇರೆಯವರು ಮುಂದುವರಿಸಿರುವ ಸಿಂಕ್‌ಥಿಂಗ್-ಫೋರ್ಕ್. ಹಾಸ್ಟೆಲ್, ಪಿ.ಜಿ.ಗಳ ಹಂಚಿದ ವೈಫೈಯಲ್ಲಿ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆ ಹಾಕಿರುವುದು ಸಾಮಾನ್ಯ. ಅಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಜೋಡಿಸಿ ಕೆಲಸ ಮುಗಿಸಬಹುದು, ಡೇಟಾ ಖರ್ಚಾಗುವುದಿಲ್ಲ.

ವೇಗದಲ್ಲಿ ಮಾತ್ರ ಕೇಬಲ್‌ನದೇ ಮೇಲುಗೈ. ಹಳೆಯ 2.4 ಗಿಗಾಹರ್ಟ್ಸ್ ರೂಟರ್ ಇರುವ ಮನೆಯಲ್ಲಿ 40 ಜಿಬಿ ತುಂಬಲು ಎರಡು ಮೂರು ಗಂಟೆ ಬೇಕು. ಆದ್ದರಿಂದ ಮೊದಲ ಸಲ ಕೇಬಲ್‌ನಿಂದ ತುಂಬಿಸಿ, ಅದೇ ಫೋಲ್ಡರನ್ನು ಸಿಂಕ್‌ಥಿಂಗ್‌ಗೆ ತೋರಿಸುತ್ತೇನೆ. ಇದ್ದದ್ದನ್ನು ಗುರುತಿಸಿ, ಇಲ್ಲದ್ದನ್ನಷ್ಟೇ ಅದು ತರುತ್ತದೆ. ಕೇಬಲ್ ಬಿಟ್ಟ ಅರ್ಧಂಬರ್ಧ ಫೈಲ್‌ಗಳೂ ಆಗ ಸರಿಯಾಗುತ್ತವೆ.

ಕ್ಲೌಡ್‌ಗೆ ಬರೋಣ. ಯೂಟ್ಯೂಬ್ ಮ್ಯೂಸಿಕ್‌ಗೆ ನಮ್ಮದೇ ಹಾಡುಗಳನ್ನು ಏರಿಸಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕಂಪ್ಯೂಟರಿನ ಬ್ರೌಸರ್ ಮೂಲಕ ಒಂದು ಲಕ್ಷ ಹಾಡುಗಳ ವರೆಗೆ ಏರಿಸಲು ಅವಕಾಶವಿದೆ. ಎಂಪಿ3, ಎಂ4ಎ, ಫ್ಲಾಕ್ ಎಲ್ಲ ಸ್ವೀಕರಿಸುತ್ತದೆ. ಹಾಗೆ ಏರಿಸಿದವು ನಮಗೆ ಮಾತ್ರ ಕಾಣುತ್ತವೆ. ಚಂದಾ ಕಟ್ಟದಿದ್ದರೂ ಅವುಗಳ ನಡುವೆ ಜಾಹೀರಾತು ಬರುವುದಿಲ್ಲ, ಪರದೆ ಆರಿಸಿದರೂ ಹಾಡು ನಿಲ್ಲುವುದಿಲ್ಲ. ಇದು ನಿಜವಾಗಿಯೂ ಉದಾರವಾದ ವ್ಯವಸ್ಥೆ. ಆದರೆ ನನ್ನ ಅಳತೆಗೋಲಿಗೆ ಇದು ಕುಳಿತುಕೊಳ್ಳುವುದಿಲ್ಲ. ನನ್ನ ಫೋಲ್ಡರ್ ಜೋಡಣೆ ಅಲ್ಲಿ ಉಳಿಯುವುದಿಲ್ಲ. ಫೋನಿಗೆ ಇಳಿಸಿಟ್ಟರೂ ಅದು ಬೇರೆ ಆ್ಯಪ್‌ನಲ್ಲಿ ನುಡಿಯುವ ಫೈಲ್ ಆಗಿರುವುದಿಲ್ಲ. ಹೊರತೆಗೆಯಬೇಕಾದರೆ, ಖಾತೆಯಲ್ಲಿರುವುದನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ಮೂಲಕ ಹೋಗಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ ಒಂದನ್ನೇ ನಂಬಿದವರಿಗೆ 40 ಜಿಬಿ ಏರಿಸುವುದಕ್ಕೇ ಇಪ್ಪತ್ತು ದಿನ ಹಿಡಿಯುತ್ತದೆ. ಮನೆಗೆ ಫೈಬರ್ ಇದ್ದರೆ ಎರಡನೆಯ ಪ್ರತಿಯಾಗಿ ಏರಿಸಿಡಿ, ಅದಕ್ಕೆ ಇದು ಒಳ್ಳೆಯದು.

ಐಫೋನ್ ವಿಷಯ ಕದ್ರಿಯಲ್ಲಿರುವ ಅಕ್ಕನ ಫೋನಿನಿಂದ ಕಲಿತದ್ದು. ಐಟ್ಯೂನ್ಸ್‌ನಲ್ಲಿ ಅವಳೇ ಕೊಂಡ ಹಾಡುಗಳಿಗೆ ಕಂಪ್ಯೂಟರೇ ಬೇಡ. ಫೋನಿನ ಐಟ್ಯೂನ್ಸ್ ಸ್ಟೋರ್ ಆ್ಯಪ್‌ನಲ್ಲಿ ‘ಪರ್ಚೇಸ್ಡ್’ ತೆರೆದರೆ ಮತ್ತೆ ಇಳಿಸಿಕೊಳ್ಳಬಹುದು. ಅವುಗಳಿಗೆ ಬೀಗವೂ ಇಲ್ಲ. ಆ್ಯಪಲ್ ತನ್ನ ಮಳಿಗೆಯ ಹಾಡುಗಳಿಂದ ನಕಲುತಡೆಯನ್ನು 2009ರಲ್ಲೇ ತೆಗೆದುಹಾಕಿದ್ದರಿಂದ, ಭಾರತದ ಮಳಿಗೆಯ 256 ಕೆಬಿಪಿಎಸ್ ಎಂ4ಎ ಫೈಲ್‌ಗಳು ಆಂಡ್ರಾಯ್ಡ್‌ನಲ್ಲೂ ಚೆನ್ನಾಗಿ ನುಡಿಯುತ್ತವೆ. ಕೊಂಡವರ ಹೆಸರು, ಖಾತೆಯ ವಿವರ ಫೈಲಿನೊಳಗೆ ಬರೆದಿರುತ್ತದೆ ಎಂಬುದು ನೆನಪಿರಲಿ.

ಉಳಿದ ಹಾಡುಗಳದ್ದೇ ಪ್ರಶ್ನೆ. ಐಫೋನ್ ಒಂದು ಕಂಪ್ಯೂಟರಿನ ಹಾಡಿನ ಸಂಗ್ರಹದ ಜೊತೆಗೆ ಮಾತ್ರ ಹೊಂದಿಕೊಳ್ಳುತ್ತದೆ. ಇನ್ನೊಂದಕ್ಕೆ ಜೋಡಿಸಿದರೆ ಮೊದಲಿನದನ್ನು ಅಳಿಸಿ ಇದನ್ನು ಹಾಕಲೇ ಎಂದು ಕೇಳುತ್ತದೆ. ಆ ಸೂಚನೆ ನೋಡಿ ಅಕ್ಕ, “ಇದ್ದದ್ದೆಲ್ಲ ಹೋಗಿಬಿಡುತ್ತದೆಯೇ ಮಾರಾಯ? ಬೇಡ, ತೆಗೆ ವೈರು” ಎಂದಳು. ತೆಗೆದೆ. ಬದಲಿಗೆ ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪ್ ಹಾಕಿಕೊಟ್ಟೆ. ಅದರಲ್ಲಿ ವೈಫೈ ಹಂಚಿಕೆ ಚಾಲೂ ಮಾಡಿದರೆ ಒಂದು ವಿಳಾಸ ತೋರಿಸುತ್ತದೆ. ಅದನ್ನು ಲ್ಯಾಪ್‌ಟಾಪ್ ಬ್ರೌಸರಿನಲ್ಲಿ ಬರೆದು ಹಾಡುಗಳನ್ನು ಎಳೆದು ಹಾಕಿದರೆ ಫೋನಿಗೆ ಸೇರುತ್ತವೆ. ಐಟ್ಯೂನ್ಸ್ ಒಪ್ಪದ ಫ್ಲಾಕ್ ಕೂಡ ಅಲ್ಲಿ ಹಾಗೆಯೇ ನುಡಿಯುತ್ತದೆ. ಆ್ಯಪಲ್‌ನ ಮ್ಯೂಸಿಕ್ ಆ್ಯಪ್‌ನಷ್ಟು ಅಂದವಿಲ್ಲ, ನಿಜ. ಆದರೂ ಮೊದಲಿನ ಯಾವ ಹಾಡಿಗೂ ಕುತ್ತು ಬರಲಿಲ್ಲ.

ಯಾವ ದಾರಿಯಲ್ಲೇ ತಂದರೂ ಟ್ಯಾಗ್ ಸರಿಯಿಲ್ಲದಿದ್ದರೆ ಹಾಡು ಫೋನಿನಲ್ಲಿ ಕಳೆದುಹೋಗುತ್ತದೆ. ಕನ್ನಡ ಚಿತ್ರವೊಂದರ ಆಲ್ಬಮ್‌ನಲ್ಲಿ ಒಂದೊಂದು ಹಾಡಿಗೆ ಒಬ್ಬೊಬ್ಬ ಗಾಯಕರು. ‘ಆಲ್ಬಮ್ ಆರ್ಟಿಸ್ಟ್’ ಎಂಬ ಜಾಗ ಖಾಲಿ ಇದ್ದರೆ ಎಷ್ಟೋ ಪ್ಲೇಯರ್‌ಗಳು ಒಂದೇ ಆಲ್ಬಮನ್ನು ನಾಲ್ಕೈದಾಗಿ ಒಡೆದು ತೋರಿಸುತ್ತವೆ. ನಾನು ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಬರೆಯುತ್ತೇನೆ, ಆಲ್ಬಮ್ ಒಂದಾಗುತ್ತದೆ. ಬೇರೆ ಬೇರೆ ಮಳಿಗೆಗಳಲ್ಲಿ ಕೊಂಡವರಿಗೆ ಇನ್ನೊಂದು ಕೆಲಸವೂ ಉಂಟು: ಒಂದು ಕಡೆ ‘ಎಸ್‌ಪಿಬಿ’, ಇನ್ನೊಂದು ಕಡೆ ‘ಎಸ್.ಪಿ. ಬಾಲಸುಬ್ರಹ್ಮಣ್ಯಂ’, ಮತ್ತೊಂದು ಕಡೆ ಇನಿಷಿಯಲ್ ಇಲ್ಲದ ಬಾಲಸುಬ್ರಹ್ಮಣ್ಯಂ, ಫೋನಿಗೆ ಮೂವರು ಗಾಯಕರು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಹೆಸರಿಗೆ ತರಬಹುದು. ಈ ಕೆಲಸವನ್ನು ಸಾಗಿಸುವ ಮೊದಲೇ, ಲ್ಯಾಪ್‌ಟಾಪ್‌ನಲ್ಲೇ ಮುಗಿಸಿ.

ಕೇಳಲು ಆಂಡ್ರಾಯ್ಡ್‌ನಲ್ಲಿ ನನ್ನ ಆಯ್ಕೆ ಮ್ಯೂಸಿಕೊಲೆಟ್. ಇಂಟರ್ನೆಟ್ ಅನುಮತಿಯನ್ನೇ ಕೇಳದ, ಜಾಹೀರಾತಿಲ್ಲದ ಪ್ಲೇಯರ್ ಅದು. ಫೋಲ್ಡರ್ ಇದ್ದ ಹಾಗೆಯೇ ತೋರಿಸುತ್ತದೆ. ಗಂಟೆಗಟ್ಟಲೆ ಸಾಗುವ ತಾಳಮದ್ದಳೆಗೆ ಮಾತ್ರ ಆಡಿಯೊ ಪುಸ್ತಕ ಕೇಳಲೆಂದು ಮಾಡಿರುವ ‘ವಾಯ್ಸ್’ ಆ್ಯಪ್ ಇಟ್ಟುಕೊಂಡಿದ್ದೇನೆ. ಪ್ರತಿ ಪ್ರಸಂಗವನ್ನೂ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತದೆ. ಅರ್ಥಧಾರಿಗಳ ವಾದ ನಡುವಿನಲ್ಲಿ ನಿಂತರೂ, ಮರುದಿನದ ಬಸ್ಸಿನಲ್ಲಿ ಅದೇ ಮಾತಿನಿಂದ ಕೇಳಬಹುದು.