ಜೋಡಿ ಗಾಜಿನ ಕಿಟಕಿಯ ದುರಸ್ತಿ ಸೇವೆ: ಬೆಳಗಾವಿಯ ಒಂದು ಅನುಭವ

ಬೆಳಗಾವಿಯ ಮಳೆಗಾಲದಲ್ಲಿ ಗಾಜು ಮಬ್ಬಾಗುವುದು ಹೊಸತೇನಲ್ಲ. ಆದರೆ ಟಿಳಕವಾಡಿಯ ನಮ್ಮ ಮನೆಯ ಜೋಡಿ ಗಾಜಿನ ಕಿಟಕಿಯಲ್ಲಿ ಮಬ್ಬು ಎರಡು ಗಾಜುಗಳ ನಡುವೆಯೇ ಕುಳಿತಿದ್ದರಿಂದ, ಯಾವ ಬದಿಯಿಂದ ಒರೆಸಿದರೂ ಹೋಗಲಿಲ್ಲ. ಕಿಟಕಿ ಕೂಡಿಸಿದವರು ಇಡೀ ಚೌಕಟ್ಟನ್ನೇ ಬದಲಿಸಬೇಕೆಂದರು. ಊರಿನ ಇನ್ನೊಂದು ಅಂಗಡಿಯಿಂದ ಬಂದ ಕೆಲಸಗಾರರು ಮಾತ್ರ, ಎರಡು ಗಾಜುಗಳ ಅಂಚನ್ನು ಮುಚ್ಚುವ ಸೀಲು ಬಿಟ್ಟುಕೊಂಡು ತೇವ ಒಳಸೇರಿದೆ, ಗಾಜುಗಳ ನಡುವಿನ ಪಟ್ಟಿಯಲ್ಲಿ ತುಂಬಿರುವ ತೇವ ಹೀರುವ ಕಾಳುಗಳು ಇನ್ನು ಹೀರಲಾರವು, ಆದ್ದರಿಂದ ಚೌಕಟ್ಟನ್ನು ಉಳಿಸಿಕೊಂಡು ಗಾಜಿನ ಜೋಡಿಯನ್ನಷ್ಟೇ ಬದಲಿಸಿದರೆ ಸಾಕು ಎಂದು ಬಿಡಿಸಿ ಹೇಳಿದರು. ಗಾಜಿಗೆ ರಂಧ್ರ ಕೊರೆದು ಒಣಗಿಸುವ ಅಗ್ಗದ ಉಪಾಯವನ್ನು, ಮಬ್ಬು ಹೋದರೂ ಸೀಲು ಕೆಟ್ಟಂತೆಯೇ ಉಳಿಯುತ್ತದೆ ಎಂಬ ಕಾರಣಕ್ಕೆ, ಅವರೇ ಬೇಡವೆಂದದ್ದು ನನಗೆ ಮೆಚ್ಚಿಗೆಯಾಯಿತು.

ಚೌಕಟ್ಟಿನ ಕೆಳಭಾಗದಲ್ಲಿ ನೀರು ಹೊರಹೋಗುವ ಕಿಂಡಿಗಳಿಗೆ ಕೆಂಪು ಮಣ್ಣು ಕಟ್ಟಿ, ಗಾಜಿನ ಅಂಚು ದಿನಗಟ್ಟಲೆ ನೀರಿನಲ್ಲಿ ನಿಂತದ್ದೇ ಸೀಲು ಕೆಡಲು ಕಾರಣವಾಗಿತ್ತು. ಆ ಕಿಂಡಿಗಳು ಏತಕ್ಕೆಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ! ಗಡಸಾದ ರಬ್ಬರ್ ಪಟ್ಟಿಯನ್ನು ಬದಲಿಸಿ, ಜೋತುಬಿದ್ದಿದ್ದ ಕದದ ಕೀಲನ್ನೂ ಬಿಗಿಮಾಡಿದರು. ಆಕ್ಷೇಪ ಒಂದೇ: ಅಳತೆ ಒಯ್ದ ಮೇಲೆ ಗಾಜು ಬರಲು 18 ದಿನ ಹಿಡಿಯಿತು, ಅದನ್ನು ಮೊದಲೇ ತಿಳಿಸಿರಲಿಲ್ಲ.